ಒಂಟಿ ನಳಿಗೆ

ಎರಡು ಕೆಲಸಕ್ಕೆ ಒಂದೇ ಕೋವಿ ಬೇಕು ಅಂದಳು ವರ್ಲೀನ್,
ಬೂಟಿನ ಕೆಸರನ್ನು ನನ್ನ ಹೊಸ್ತಿಲಿಗೆ ಒರೆಸುತ್ತ.
ಏಪ್ರಿಲ್‌ನಲ್ಲಿ ಟರ್ಕಿಗೆ. ಉಳಿದ ದಿನವೆಲ್ಲ
ಕುರಿಮರಿ ಹೊತ್ತೊಯ್ಯುವ ಕಯೋಟಿಗೆ.
ಆರು ಮರಿ ಹೋದವಂತೆ ಫೆಬ್ರವರಿಯಿಂದೀಚೆಗೆ.
ಏಳನೆಯದರ ಕಿವಿಯ ಓಲೆ ಮಾತ್ರ ಬೇಲಿಯಾಚೆ ಸಿಕ್ಕಿತ್ತು:
ಹಳದಿ ಪ್ಲಾಸ್ಟಿಕ್ಕು, ನಂಬರು ಮೂವತ್ತೆರಡು.
ಮೇಜಿನ ಮೇಲೆ ಇಟ್ಟಳು, ಮುಂಗಡ ಹಣದ ಹಾಗೆ.

ಓಝಾರ್ಕ್ ಗುಡ್ಡಗಳ ಈ ಸಂದಿಯಲ್ಲಿ ಇಪ್ಪತ್ತೆಂಟು ವರ್ಷದಿಂದ
ಮೊಳೆ, ಬಣ್ಣ, ಮೀನಿನ ಗಾಳ, ಕೋವಿ ಮಾರುತ್ತೇನೆ.
ಗಿರಾಕಿ ಬಂದರೆ ಮೊದಲು ಹೆಗಲು ನೋಡುವುದು.
ಅವಳದು ಎಡಗೈ. ಶಾಲೆ ಬಸ್ಸಿನ ಸ್ಟಿಯರಿಂಗು ತಿರುಗಿಸಿ
ಹುರಿಗಟ್ಟಿದ ಹೆಗಲು; ತೋಳು ಮಾತ್ರ ಗಿಡ್ಡ.

ಅಂಗಡಿಯ ಹಿಂದೆ ನಲವತ್ತು ಹೆಜ್ಜೆ ಅಳೆದು ಕಾಗದ ಕಟ್ಟಿದೆ,
ಬಡಗಿಯ ಪೆನ್ಸಿಲಿನಲ್ಲಿ ಟರ್ಕಿಯ ತಲೆ, ಕತ್ತು ಬರೆದು.
ಅಷ್ಟು ದೊಡ್ಡ ಹಕ್ಕಿ; ಜೀವವೆಲ್ಲ
ಎರಡು ಬೆರಳು ದಪ್ಪದ ಕತ್ತಿನಲ್ಲಿ.
ಎದೆಗೆ ಹೊಡೆದೆಯೋ, ಗರಿ ಅರ್ಧ ನುಂಗುತ್ತದೆ,
ಹಕ್ಕಿ ಯಾವುದೋ ಪೊದೆಯಲ್ಲಿ ಮೂರು ದಿನ ಸಾಯುತ್ತದೆ.
ಅದಕ್ಕೇ ಚರೆ ಸಾಸಿವೆಯಷ್ಟು ಸಣ್ಣದು, ಒತ್ತೊತ್ತಾಗಿ ಬೀಳಬೇಕು.
ಕಯೋಟಿಗೆ ಬಟಾಣಿ ಗಾತ್ರ. ಕೆಲವೇ, ಆಳಕ್ಕೆ.
ನಳಿಗೆಯ ಬಾಯಿಯ ಚೋಕು ತಿರುಪಿ ಬದಲಿಸಿದರಾಯಿತು,
ಒಂದೇ ಗಂಟಲು ಇಗರ್ಜಿಯಲ್ಲೊಂದು, ಹಟ್ಟಿಯಲ್ಲೊಂದು
ದನಿ ತೆಗೆಯುವ ಹಾಗೆ.

ಹನ್ನೆರಡು ಬೋರಿನ ಆಟೊಮ್ಯಾಟಿಕ್ ಕೊಟ್ಟೆ ಮೊದಲು,
ಮೈತುಂಬ ಎಲೆ, ತೊಗಟೆ ಬರೆಸಿಕೊಂಡದ್ದು,
ಕಾಡೇ ಬೆಲೆಚೀಟಿ ಕಟ್ಟಿಕೊಂಡು ಬಂದು ನಿಂತಂತೆ.
ಸುಟ್ಟ ತೋಟಾ ಬಲಕ್ಕೆ ಸಿಡಿದು
ಎಡಗೈಯವಳ ಮೂಗಿನ ಮುಂದೆಯೇ ಹಾದುಹೋಯಿತು.
"ಮುಖಕ್ಕೆ ಎಸೆಯೋಕೆ ಬಸ್ಸಿನ ಹುಡುಗರು ಸಾಕು."
ಪಂಪಿನದು ಚರೆ ಚೆಲ್ಲಾಡಿತು. ಕಾಗದದ ನಡುವೆ ಖಾಲಿ,
ಹಕ್ಕಿ ತಲೆ ಬಗ್ಗಿಸದೆ ದಾಟಬಹುದಾದ ಬಾಗಿಲು.

ಆಮೇಲೆ ಅವಳೇ ಮೂಲೆಗೆ ಬೆರಳು ತೋರಿಸಿದಳು.
ಇಪ್ಪತ್ತು ಬೋರಿನ ಒಂಟಿ ನಳಿಗೆ, ಹಳೆಯದು,
ಹಿಡಿಯ ಬಿರುಕಿಗೆ ತಾಮ್ರದ ತಂತಿ ಸುತ್ತಿದ್ದು;
ಯಾರೋ ಸಾಲಕ್ಕೆ ಬಿಟ್ಟುಹೋದದ್ದು,
ಒಂದು ಚಳಿಗಾಲ ಕೆಲಸವಿಲ್ಲದೆ ಕೂತಾಗ
ಬಾಯಿ ಕಡೆದು ಚೋಕಿಗೆ ತಿರುಪು ಮಾಡಿಟ್ಟಿದ್ದೆ.
"ಒಂದೇ ತೋಟಾ ಹಿಡಿಯುತ್ತೆ ಅದರಲ್ಲಿ," ಅಂದೆ,
ಮಾರುವವನು ಆಡಬಾರದ ಮಾತು.
"ಎರಡನೇದು ಇದೆ ಅಂತ ಗೊತ್ತಿದ್ದರೆ
ಮೊದಲನೇದನ್ನ ಹಾಳು ಮಾಡ್ತೀನಿ."
ಮುರಿದು, ತುಂಬಿ, ಮುಚ್ಚಿದಳು.
ಕೆನ್ನೆ ಹುಡುಕದೆ ಹಿಡಿಯ ಮೇಲೆ ಕೂತಿತು.
ಕತ್ತಿನಲ್ಲಿ ಹದಿನೇಳು ತೂತು.
ಇಬ್ಬರೂ ಎಣಿಸಿದೆವು, ಎರಡೆರಡು ಸಲ.
ಸಾಸಿವೆಯವು ಐದು, ಬಟಾಣಿಯವು ಐದು, ಕಾಗದ ಪುಕ್ಕಟೆ.

ಡಾಗ್‌ವುಡ್ ಹೂ ಉದುರಿದ ಮೇಲೆ ಮತ್ತೆ ಬಂದಳು.
ಎಂಟು ತೋಟಾ, ಅದೇ ಕಾಗದದಲ್ಲಿ ಸುತ್ತಿ:
"ಹಿಂದಕ್ಕೆ ತಗೋತೀರಾ?"
ಒಂದು ಹುಂಜ ಟರ್ಕಿಗೆ ಹೋಗಿತ್ತು. ಬೆಳಗಿನ ಆರೂಕಾಲು,
ಓಕ್ ಮರಕ್ಕೆ ಬೆನ್ನು ಕೊಟ್ಟು, ಸ್ಲೇಟಿಗೆ ಕಡ್ಡಿ ಉಜ್ಜಿ
ಹೇಂಟೆಯ ದನಿ ಹೊರಡಿಸಿದಳಂತೆ.
ಅದು ಬಾಲ ಬಿಚ್ಚಿ ಬಂದದ್ದನ್ನು
ಕೈ ಅಗಲಿಸಿ ತೋರಿಸಿದಳು, ನಗುತ್ತ.
ಇನ್ನೊಂದರ ಕತೆಗೆ ಕೈ ಜೇಬಿಗೆ ಹೋಯಿತು.
"ಮೊಲೇಲಿ ಹಾಲಿತ್ತು. ಅದಕ್ಕೂ ಮರಿ ಕಾಲ."
ಆಮೇಲೆ ಕುರಿಮರಿ ಒಂದೂ ಹೋಗಿಲ್ಲ. ಅದನ್ನೂ ಹೇಳಿದಳು,
ಬಸ್ಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ.

"ಕೋವಿ ಇರಲಿ. ಏಪ್ರಿಲ್‌ಗೆ ಬೇಕು.
ಕುರಿ ಜೊತೆಗೇ ಮಲಗುತ್ತಲ್ಲ ಆ ದೊಡ್ಡ ಬಿಳಿ ನಾಯಿ,
ಯಾರ ಹತ್ತಿರ ಸಿಗುತ್ತೆ?"

ನನ್ನಲ್ಲಿ ನಾಯಿ ಇಲ್ಲ. ಹೊಳೆಯಾಚೆ ಆರ್ವಿಲ್ ಸಾಕುತ್ತಾನೆ.
ತೋಟಾ ಎಣಿಸಿ ದುಡ್ಡು ಕೊಟ್ಟೆ, ಹಿಂದೆ ಯಾರಿಗೂ ಕೊಟ್ಟದ್ದಿಲ್ಲ.
ಮೂವತ್ತೆರಡರ ಓಲೆ ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.
ಚೀಟಿ ಹುಡುಕಿದೆ, ಸಿಗದೆ, ಆ ಕಾಗದವನ್ನೇ ಮಗುಚಿ
ಆರ್ವಿಲ್‌ನ ಫೋನ್ ನಂಬರು ಬರೆಯತೊಡಗಿದೆ,
ತೂತುಗಳನ್ನು ಬಳಸಿ ಬಳಸಿ.
ಒಂದು ಕಡೆ ಪೆನ್ಸಿಲು ಒಳಕ್ಕೇ ಹೋಯಿತು.
"ಅದು ಮೂರು," ಅಂದೆ,
ಪಕ್ಕದಲ್ಲಿ ಇನ್ನೊಮ್ಮೆ ಬರೆದೆ.